ಕೇರಿ ರಸ್ತೆಗೆ ಹನ್ನೆರಡು ಸೆಕೆಂಡು

ಹೊರೆ ಹೊತ್ತ ಹೆಂಗಸನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು? ಬರೆಯಬೇಕೋ ಬೇಡವೋ ಎಂಬುದು ಆಮೇಲಿನ ಮಾತು. ಬರೆಯಬೇಕೆಂದರೂ ಎಲ್ಲಿ? ಲಾರಿ, ಬಸ್ಸು, ಟ್ರ್ಯಾಕ್ಟರು, ಕಾರು, ಆಟೋ, ಬೈಕು, ಸೈಕಲ್ಲು, ಎತ್ತಿನ ಗಾಡಿ. ಹಾಳೆ ಅಲ್ಲಿಗೆ ಮುಗಿಯಿತು. ಸೈಕಲ್ಲಿನ ಕೆಳಗೆ ಒಂದು ಗೀಟು ಹಾಕಿಬಿಟ್ಟರೆ? ಸೈಕಲ್ಲಿಗೆ ಅರ್ಧ. ಅಕ್ಕ ಅರ್ಧಕ್ಕೆ ಒಪ್ಪುತ್ತಾಳೋ ಇಲ್ಲವೋ. ಹಾಕಿದರೆ ಸುಳ್ಳು ಬರೆದಂತಾಗುತ್ತದೆಯೋ, ಹಾಕದಿದ್ದರೆ ಸುಳ್ಳು ಬರೆದಂತಾಗುತ್ತದೆಯೋ?

ಮಾರೇಶ್ ಇಷ್ಟು ಯೋಚಿಸುವಷ್ಟರಲ್ಲಿ ಮೂರು ಅದಿರು ಲಾರಿಗಳು ದಾಟಿಹೋದವು. ಅವನ್ನು ಬರೆದುಕೊಂಡ. ಅಕ್ಕ ಶಿವಮ್ಮ ಜಾಲಿ ಕಟ್ಟಿಗೆಯ ಹೊರೆ ಹೊತ್ತು ಕುರ್ಚಿಯ ಮುಂದೆಯೇ ಹೋದಳು. ಹೊರೆ ಹೊತ್ತವಳು ಕತ್ತು ತಿರುಗಿಸುವಂತಿಲ್ಲ. ಕಣ್ಣು ಮಾತ್ರ ಇವನ ಕಡೆ ಹೊರಳಿಸಿದಳು. ಅವಳನ್ನು ಬರೆದುಕೊಳ್ಳಲಿಲ್ಲ.

ಹಗರಿಬೊಮ್ಮನಹಳ್ಳಿಗೆ ಟ್ರಾಫಿಕ್ ಸಿಗ್ನಲ್ ಬರುವುದಿತ್ತು. ಎರಡು ಸಾವಿರದ ಆರನೆಯ ಇಸವಿ. ಹೊಸಪೇಟೆ ಕಡೆಯಿಂದ ಅದಿರು ತುಂಬಿದ ಲಾರಿಗಳು ಸಾಲು ಹಿಡಿದು ಹರಪನಹಳ್ಳಿ ಕಡೆ ಹೋಗುತ್ತಿದ್ದವು. ಖಾಲಿಯಾದವು ಸಾಲು ಹಿಡಿದು ಬರುತ್ತಿದ್ದವು. ಬೇವಿನ ಮರದ ಎಲೆಗಳು ಕೆಂಪಗಾಗಿದ್ದವು. ಒಣಹಾಕಿದ ಬಟ್ಟೆಯೂ ಕೆಂಪಗಾಗುತ್ತಿತ್ತು. ಸರ್ಕಲ್ಲಿಗೆ ನಾಲ್ಕು ರಸ್ತೆ ಸೇರುತ್ತಿದ್ದವು. ಹೊಸಪೇಟೆಯದು, ಹರಪನಹಳ್ಳಿಯದು, ಕೊಟ್ಟೂರಿನದು. ನಾಲ್ಕನೆಯದು ಕೇರಿಗೆ ಹೋಗಿ, ಕೇರಿ ದಾಟಿ ಹಳ್ಳದ ದಂಡೆಯಲ್ಲಿ ಮುಗಿಯುತ್ತಿತ್ತು. ಹಾಳೆಯಲ್ಲಿ ಅದಕ್ಕೆ ‘ಡಿ’ ಎಂದು ಹೆಸರು.

ಸಿಗ್ನಲ್ ಹಾಕುವ ಗುತ್ತಿಗೆ ಬೆಂಗಳೂರಿನ ಒಂದು ಕಂಪನಿಯದು. ಅದರ ಇಂಜಿನಿಯರು ಅರುಣಕುಮಾರ್. ಗಾಡಿ ಎಣಿಸಲು ಓದಿದ ಹುಡುಗರು ಬೇಕೆಂದಾಗ ಬಿ.ಎ. ಮುಗಿಸಿ ಸುಮ್ಮನಿದ್ದ ಮಾರೇಶ್ ಹೋದ. ಎರಡು ರಸ್ತೆ ಅವನಿಗೆ, ಉಳಿದೆರಡು ಇನ್ನೊಬ್ಬನಿಗೆ. ಕೂರಲು ಕುರ್ಚಿ, ಮೇಲೊಂದು ಛತ್ರಿ. ಕೇರಿಯ ಹುಡುಗ ನಡುವೂರಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾನೆ ಎಂದು ಕೆಲವರು ಬಂದು ನೋಡಿಹೋದರು. ನೋಡಿದರು, ಅಷ್ಟೆ.

ಅರುಣಕುಮಾರ್ ಕೆಟ್ಟವನಲ್ಲ. ಆ ಸರ್ಕಲ್ಲಿನಲ್ಲಿ ನಿಂತು ಮಾರೇಶನನ್ನು ‘ನೀವು’ ಎಂದ ಮೊದಲನೆಯವನು ಅವನೇ. ಅದಕ್ಕಾಗಿಯೇ ಮಾರೇಶನಿಗೆ ಅವನೆದುರು ಬಾಯಿ ಕಟ್ಟುತ್ತಿತ್ತು. ಆದರೂ ಆ ದಿನ ಕೇಳಿದ.

“ಸರ್, ನಡೆದು ಹೋಗೋರನ್ನ ಎಲ್ಲಿ ಹಾಕ್ಲಿ?”

“ಅವರನ್ನ ಬಿಡಿ.”

“ಹೊರಿ ಹೊತ್ತಾರ್ರಿ ಸರ್.”

“ಹೊತ್ತಿದ್ರೂ ನಡೀತಾ ಇದಾರಲ್ಲ.”

ಅರುಣಕುಮಾರ್ ಪಕ್ಕದಲ್ಲಿ ನಿಂತು ಬಿಡಿಸಿ ಹೇಳಿದ. ಕಾರು ಅಂದರೆ ಒಂದು, ಅದೇ ಅಳತೆ. ಲಾರಿ ಮೂರು ಕಾರಿಗೆ ಸಮ, ಬಸ್ಸೂ ಹಾಗೆಯೇ. ಬೈಕು ಅರ್ಧ. ಎತ್ತಿನ ಗಾಡಿ ಎಂಟು.

“ಎಂಟ್ರಿ?”

“ನಿಧಾನ ಅಲ್ವಾ? ಜಾಗ ತಿನ್ನುತ್ತೆ. ಹಿಂದೆ ಬರೋರನ್ನೆಲ್ಲ ಕಾಯಿಸುತ್ತೆ. ಎಷ್ಟು ಕಾಯಿಸುತ್ತೋ ಅಷ್ಟು ಅದರ ತೂಕ.”

“ಹಂಗಾದ್ರ ಹೊರಿ ಹೊತ್ತೋರೂ ನಿಧಾನ ಹೊಕ್ಕಾರಲ್ರಿ. ಜಾಲಿ ಹೊರಿ ಅಡ್ಡ ಇರ್ತೈತಿ. ಗಾಡಿ ಅಗಲ ಜಾಗ ಬೇಕು.”

ಅರುಣಕುಮಾರ್ ನಕ್ಕ. ಆ ನಗುವಿನಲ್ಲಿ ತಾತ್ಸಾರ ಇರಲಿಲ್ಲ. “ಮಾರೇಶ್, ಅವರು ಯಾರನ್ನೂ ಕಾಯಿಸಲ್ಲ. ಅವರೇ ಕಾಯ್ತಾರೆ. ಈ ಲೆಕ್ಕ ಬರೆದೋರಿಗೆ ಅದು ಗೊತ್ತು.”

ಸಂಜೆ ಲಾಡ್ಜಿನ ಕೋಣೆಯಲ್ಲಿ ಅವನು ಹಂಚಿಕೆ ಮಾಡಿದ. ನಾಲ್ಕೂ ರಸ್ತೆಗೆ ಒಂದೊಂದು ಸಲ ಹಸಿರು ಬಂದರೆ ಒಂದು ಸುತ್ತು. ಸುತ್ತಿಗೆ ಎರಡು ನಿಮಿಷ. ಆ ಎರಡು ನಿಮಿಷವನ್ನು ಗಾಡಿಗಳ ತೂಕಕ್ಕೆ ತಕ್ಕಂತೆ ಹರಿದು ಹಂಚಬೇಕು. ಇಡೀ ದಿನದ ಲೆಕ್ಕ ಹಿಡಿಯುವುದಿಲ್ಲ. ಯಾವ ಒಂದು ತಾಸಿನಲ್ಲಿ ಅತಿ ಹೆಚ್ಚು ಗಾಡಿ ಬಂದವೋ ಆ ತಾಸಿನದು ಮಾತ್ರ. ದೊಡ್ಡ ತಾಸಿಗೆ ಸಾಕಾದರೆ ಉಳಿದ ಹೊತ್ತಿಗೆ ಸಾಕೇ ಸಾಕು ಎಂಬುದು ನಿಯಮ.

ಕೇರಿ ರಸ್ತೆಯ ಹಾಳೆ ಹೆಚ್ಚುಕಡಿಮೆ ಬೆಳ್ಳಗೇ ಇತ್ತು. ಲೆಕ್ಕ ಮಾಡಿದರೆ ಅದಕ್ಕೆ ನಾಲ್ಕು ಸೆಕೆಂಡು ಬಂತು. ಅಷ್ಟೇ ಕೊಟ್ಟರೆ ದೀಪ ಕೆಟ್ಟಿದೆಯೆಂದು ಜನ ತಿಳಿದುಕೊಳ್ಳುತ್ತಾರೆ, ಅದಕ್ಕೇ ಯಾವ ರಸ್ತೆಗೂ ಹನ್ನೆರಡಕ್ಕಿಂತ ಕಡಿಮೆ ಕೊಡುವಂತಿಲ್ಲ.

“ನಿಮ್ಮ ರಸ್ತೆಗೆ ಎಂಟು ಸೆಕೆಂಡು ಬಿಟ್ಟಿ” ಎಂದ ಅರುಣಕುಮಾರ್.

ಆಮೇಲೆ ಒಂದು ಗಾಡಿ ಸರಾಸರಿ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದನ್ನೂ ತೆಗೆದ. ಅದು ದೊಡ್ಡ ಊರುಗಳಿಗಿಂತ ಚೆನ್ನಾಗಿತ್ತು. ಅವನಿಗೆ ಸಂತೋಷವಾಯಿತು. ಇಬ್ಬರಿಗೂ ಚಹಾ ತರಿಸಿದ. ಮಾರೇಶ್ ಕುಡಿದ.

*

ಸಿಗ್ನಲ್ ಕಂಬ ನಿಲ್ಲಿಸಲು ಸರ್ಕಲ್ಲಿನ ಮೂಲೆಯಲ್ಲಿದ್ದ ಹೊರೆಗಲ್ಲನ್ನು ಕಿತ್ತರು. ಎರಡು ಕಲ್ಲುಕಂಬ, ಅವುಗಳ ಮೇಲೆ ತಲೆಯೆತ್ತರಕ್ಕೆ ಅಡ್ಡ ಒಂದು ಚಪ್ಪಡಿ. ಹೊರೆ ಹೊತ್ತವರು ಅದರ ಪಕ್ಕ ನಿಂತು, ಬಗ್ಗದೆ, ತಲೆಯ ಹೊರೆಯನ್ನು ಚಪ್ಪಡಿಗೆ ಸರಿಸುತ್ತಿದ್ದರು. ಉಸಿರು ತಿರುಗಿದ ಮೇಲೆ ಅಲ್ಲಿಂದಲೇ ತಲೆಗೆ ಎಳೆದುಕೊಂಡು ಹೋಗುತ್ತಿದ್ದರು. ಯಾರ ಸಹಾಯವೂ ಬೇಕಿರಲಿಲ್ಲ. ಆ ಚಪ್ಪಡಿಯನ್ನು ಅಲ್ಲೇ ಒಡೆದು ಸಿಗ್ನಲ್ ಕಂಬದ ಬುಡಕ್ಕೆ ಜಲ್ಲಿ ಮಾಡಿದರು.

ನೆಲಕ್ಕೆ ಇಳಿಸಿದ ಹೊರೆಯನ್ನು ಒಬ್ಬಳೇ ಎತ್ತಿಕೊಳ್ಳಲು ಆಗುವುದಿಲ್ಲ. ಎದುರಿಗೆ ಒಬ್ಬರು ಕೈ ಹಚ್ಚಬೇಕು. ಈ ಕಡೆ ಅದೊಂದು ರೂಢಿ. ಹುಲ್ಲಿನ ಹೊರೆಯಿರಲಿ, ಸೊಪ್ಪಿನ ಹೊರೆಯಿರಲಿ, ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ‘ಒಂದೀಟು ಕೈ ಹಚ್ರಿ’ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಸೈಕಲ್ ನಿಲ್ಲಿಸಿ ಬಂದು ಎತ್ತಿಸುತ್ತಾರೆ. ಕೇರಿಯವರಿಗೆ ಎತ್ತಿಸುವುದಿಲ್ಲ. ಎತ್ತಿಸುವಾಗ ಎದೆಗೆ ಎದೆ ಎದುರಾಗುತ್ತದೆ. ಬೆರಳಿಗೆ ಬೆರಳು ತಾಗುತ್ತದೆ.

ಸಿಗ್ನಲ್ ಶುರುವಾಯಿತು. ಸ್ವಲ್ಪ ದಿನ ಜನ ಅದನ್ನು ನೋಡಲೆಂದೇ ಬಂದರು. ಕೆಂಪು, ಹಳದಿ, ಹಸಿರು. ಹೋಮ್‌ಗಾರ್ಡ್ ವೀರಭದ್ರಯ್ಯನನ್ನು ಸರ್ಕಲ್ಲಿಗೆ ಹಾಕಿದರು. ಅವನಿಗೊಂದು ಸೀಟಿ, ಒಂದು ಲಾಠಿ.

ಕೇರಿಯ ಹೆಂಗಸರು ಹಳ್ಳದ ದಂಡೆಯಲ್ಲಿ ಬಳ್ಳಾರಿ ಜಾಲಿ ಕಡಿದು, ಮುಳ್ಳು ಸವರಿ, ಹೊರೆ ಕಟ್ಟಿ, ಸರ್ಕಲ್ ದಾಟಿ ಹೋಟೆಲುಗಳಿಗೆ ಹಾಕುತ್ತಿದ್ದರು. ಮುಂಚೆ ಲಾರಿಗಳ ನಡುವೆ ಸಂದು ನೋಡಿ, ಕೈ ಎತ್ತಿ ದಾಟಿಬಿಡುತ್ತಿದ್ದರು. ಈಗ ಕೆಂಪು ದೀಪಕ್ಕೆ ನಿಲ್ಲಬೇಕು.

ಹೊರೆ ಹೊತ್ತವಳಿಗೆ ನಡೆಯುವುದು ಅಷ್ಟು ಕಷ್ಟವಲ್ಲ, ನಿಲ್ಲುವುದು ಕಷ್ಟ. ನಡೆಯುವಾಗ ಭಾರ ಈ ಕಾಲಿನಿಂದ ಆ ಕಾಲಿಗೆ ಹೋಗಿಬರುತ್ತಿರುತ್ತದೆ. ನಿಂತರೆ ಪೂರಾ ಕುತ್ತಿಗೆಗೆ ಇಳಿಯುತ್ತದೆ. ಸಿಂಬಿಯ ಕೆಳಗೆ ನೆತ್ತಿ ಸುಡುತ್ತದೆ. ಕಣ್ಣಿನ ಹಿಂದೆ ಏನೋ ಒತ್ತುತ್ತದೆ. ಬೆವರು ಕಣ್ಣಿಗೆ ಬಂದರೆ ಒರೆಸಲು ಕೈ ಇರುವುದಿಲ್ಲ, ಎರಡೂ ಕೈ ಹೊರೆಯ ಮೇಲೆ. ಸ್ವಲ್ಪ ಹೊತ್ತಿಗೆ ಮೊಣಕಾಲು ತಾನಾಗಿಯೇ ನಡುಗುತ್ತದೆ. ಆಮೇಲೆ ಹಸಿರು ಬರುತ್ತದೆ. ನಡುಗುವ ಕಾಲನ್ನು ಕಿತ್ತು ಹೊರಡಬೇಕು. ನಡು ಸರ್ಕಲ್ಲಿಗೆ ಬರುವಷ್ಟರಲ್ಲಿ ಹನ್ನೆರಡು ಸೆಕೆಂಡು ಮುಗಿಯುತ್ತದೆ. ಹರಪನಹಳ್ಳಿ ಕಡೆಯ ಲಾರಿಗಳು ಎಲ್ಲಾ ಒಟ್ಟಿಗೇ ಹಾರ್ನ್ ಹೊಡೆಯುತ್ತವೆ.

“ಏ, ಓಡಬೇ! ಮೈಮ್ಯಾಗ ಜೀವ ಇಲ್ಲೇನು?” ವೀರಭದ್ರಯ್ಯ ಕೂಗುತ್ತಿದ್ದ.

ಓಡಲು ಆಗದವರನ್ನು ಅವನು ಹೊಡೆಯುತ್ತಿರಲಿಲ್ಲ. ಹೆಂಗಸರ ಮೇಲೆ ಅವನು ಯಾವತ್ತೂ ಕೈ ಮಾಡಿದವನಲ್ಲ. ಲಾಠಿಯಿಂದ ಹೊರೆಗೆ ಹೊಡೆಯುತ್ತಿದ್ದ. ಕಟ್ಟಿಗೆಗೆ ಬಿದ್ದ ಏಟು ಕಟ್ಟಿಗೆಯಿಂದ ನೆತ್ತಿಗೆ, ನೆತ್ತಿಯಿಂದ ಬೆನ್ನುಹುರಿಗೆ ಇಳಿಯುತ್ತಿತ್ತು. ಶಿವಮ್ಮ ಒಂದು ಸಲ ನಾಲಿಗೆ ಕಚ್ಚಿಕೊಂಡಳು. ಅವತ್ತು ರಾತ್ರಿ ರೊಟ್ಟಿ ತಿನ್ನಲಾಗಲಿಲ್ಲ. ಬರೀ ಅಂಬಲಿ ಕುಡಿದಳು.

ಮಾರೇಶ್ ಅಕ್ಕನ ಕುತ್ತಿಗೆಗೆ ಎಣ್ಣೆ ಹಚ್ಚಿದ. ಕುತ್ತಿಗೆ ಎಡಕ್ಕೆ ತಿರುಗುತ್ತಿರಲಿಲ್ಲ.

“ಆ ದೀಪ ಯಾರು ಹಚ್ಚತಾರಲೇ ತಮ್ಮ?”

“ಯಾರೂ ಹಚ್ಚಂಗಿಲ್ಲಕ್ಕ. ತಾನ ಹತ್ತತೈತಿ. ಮೊದಲ ಟೈಮ್ ಹಾಕಿಟ್ಟಿರ್ತಾರ.”

“ನಮಗ ಅಷ್ಟ ಯಾಕ ಹಾಕ್ಯಾರ?”

“ನಮ್ಮ ರಸ್ತ್ಯಾಗ ಗಾಡಿ ಇಲ್ಲ.”

“ಗಾಡಿ ಇಲ್ಲದ್ದಕ್ಕ ಅಲ್ಲೇನ ನಾವು ಹೊರಾದು?”

ಮಾರೇಶ್ ಎಣ್ಣೆ ಹಚ್ಚುತ್ತಾ ಇದ್ದ.

*

ಸಿಗ್ನಲ್ ಹಾಕಿದ ಒಂದು ತಿಂಗಳಿಗೆ ಮತ್ತೊಮ್ಮೆ ಎಣಿಸಿ ಹೊತ್ತು ಸರಿಪಡಿಸಬೇಕೆಂದು ಗುತ್ತಿಗೆಯಲ್ಲಿತ್ತು. ಅರುಣಕುಮಾರ್ ಫೋನ್ ಮಾಡಿದ. ಬರುವ ಸೋಮವಾರ ಎಣಿಕೆ, ಮತ್ತೆ ನೀವೇ ಬನ್ನಿ ಅಂದ.

ಮಾರೇಶ್ ಕೇರಿಯಲ್ಲಿ ಸುದ್ದಿ ಹೇಳಿದ. ಶಿವಮ್ಮನ ಮನೆಯ ಮುಂದೆ ಕಟ್ಟಿಗೆಯ ಹೆಂಗಸರೆಲ್ಲ ಸೇರಿದ್ದರು. ಕಾರಿಗೆ ಒಂದು, ಲಾರಿಗೆ ಮೂರು, ಎತ್ತಿನ ಗಾಡಿಗೆ ಎಂಟು ಎಂಬುದನ್ನೂ ಹೇಳಿದ. ಎಲ್ಲರಿಗಿಂತ ಹಿರಿಯಳಾದ ಎರ್ರೆಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿದಳು.

“ಗಾಡಿಗೆ ಎಂಟು. ನನಗ ಎಷ್ಟಲೇ?”

“ನಿನಗ ಏನೂ ಇಲ್ಲ ಯವ್ವಾ.”

“ಬರೇ ಎತ್ತಿಗೆ?”

“ಬರೇ ಎತ್ತಿಗೂ ಇಲ್ಲ. ಗಾಡಿ ಹೂಡಿರಬೇಕು.”

“ಹಂಗಾರ ಎತ್ತೂ ನಾನೂ ಒಂದ ಆತು. ಇಷ್ಟು ವರ್ಷ ಎತ್ತು ಮ್ಯಾಲ, ನಾ ಕೆಳಗ ಅಂತ ತಿಳಕಂಡಿದ್ದೆ.”

ಎಲ್ಲರೂ ನಕ್ಕರು. ಶಿವಮ್ಮ ನಗಲಿಲ್ಲ. ಅವಳು ಎಂಟರಲ್ಲೇ ಇದ್ದಳು.

“ಸೋಮಾರ ಕಟಗಿ ಎಲ್ಲಾ ಒಂದು ಗಾಡ್ಯಾಗ ಹಾಕ್ಕಂಡು ದಾಟಿದ್ರ ಎಂಟು ಬೀಳತೈತಿ. ಹೋಗಿ ಬಂದು ಹೋಗಿ ಬಂದು ಮಾಡಿದ್ರ?”

“ಬೀಳತಾವ. ಎಷ್ಟು ಸಲ ದಾಟಿದ್ರ ಅಷ್ಟು ಸಲ.”

“ಕೊಟ್ರಬಸಪ್ಪನ ಗಾಡಿ ಕೇಳ್ತೀನಿ.”

ಕೊಟ್ರಬಸಪ್ಪನದು ಸರ್ಕಲ್ಲಿನ ಮೂಲೆಯ ಖಾನಾವಳಿ. ಹಳ್ಳದ ಆಚೆ ಹೊಲವೂ ಇತ್ತು, ಗಾಡಿಯೂ ಇತ್ತು. ಶಿವಮ್ಮನ ಕಟ್ಟಿಗೆ ಅವನ ಒಲೆಗೇ ಹೋಗುತ್ತಿತ್ತು. ಅವಳು ಹಿತ್ತಲ ಬಾಗಿಲಿನಲ್ಲಿ ಹೊರೆ ಕೆಡವಬೇಕು. ಅವನು ನೀರು ಚಿಮುಕಿಸಿ ಒಳಗೆ ಒಯ್ಯಿಸುತ್ತಿದ್ದ. ನೀರು ಬಿದ್ದರೆ ಕಟ್ಟಿಗೆ ಉರಿಯುವುದಿಲ್ಲ. ಅದಕ್ಕೇ ಒಂದೇ ಹನಿ ಚಿಮುಕಿಸುತ್ತಿದ್ದ.

“ಸೋಮಾರ? ಹುಚ್ಚು ಹಿಡದೈತೇನ?” ಎಂದ ಕೊಟ್ರಬಸಪ್ಪ. “ಸೋಮಾರ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ ನಾವು. ಬಸವಣ್ಣನ ವಾರ ಅದು. ನಿನಗ ಗೊತ್ತಿಲ್ಲೇನು?”

“ಗೊತ್ತೈತ್ರಿ ಸಾವ್ಕಾರ್ರ. ಎಣಸೋರಿಗೆ ಗೊತ್ತಿಲ್ಲ.”

“ಅದಕ್ಕ ನಾ ಏನ ಮಾಡ್ಲಿ? ಮೂಕ ಪ್ರಾಣಿ ಅದು. ವಾರಕ್ಕ ಒಂದು ದಿನರ ಬಿಡುವು ಬ್ಯಾಡೇನು?”

“ಹಂಗಾರ ಸೋಮಾರ ಕಟಗಿನೂ ಬ್ಯಾಡೇನ್ರಿ?”

“ಕಟಗಿ ಬೇಕು. ದ್ವಾಸಿ ಹಾಕಾದು ನಿಂದ್ರತೈತೇನು? ಜಲ್ದಿ ತಗಂಬಾ.”

ಶಿವಮ್ಮ ತಿರುಗಿ ಬಂದಳು. ಮಾರೇಶನಿಗೆ ಇಷ್ಟನ್ನೂ ಹೇಳಿದಳು. ಹೇಳುವಾಗ ಮುಖದಲ್ಲಿ ಸಿಟ್ಟಿರಲಿಲ್ಲ. ಏನೋ ಲೆಕ್ಕ ಹಾಕುತ್ತಿದ್ದಂತೆ ಇತ್ತು.

“ಎಂಟು ಯಾಕ ಅಂದಿ ಗಾಡಿಗೆ?”

“ಹಿಂದಿನೋರನ್ನ ಕಾಯಸ್ತೈತಿ ಅಂತ.”

“ಕಾಯಿಸಿದ್ರ ಲೆಕ್ಕಕ್ಕ ಬರ್ತಾರೇನು?”

“ಹಂಗಂತ ಹೇಳ್ಯಾರ.”

ಅವಳು ಮಚ್ಚು ಮಸೆಯಲು ಕೂತಳು. ಅಕ್ಕ ಸುಮ್ಮನಿದ್ದಾಗ ಅವಳನ್ನು ಮಾತಾಡಿಸಬಾರದು ಎಂದು ಮಾರೇಶ್ ಚಿಕ್ಕಂದಿನಲ್ಲೇ ಕಲಿತಿದ್ದ. ಆ ಮೌನದಲ್ಲೇ ಅವಳು ಅವನನ್ನು ಓದಿಸಿದ್ದಳು.

*

ಸೋಮವಾರ ಮಾರೇಶ್ ಕುರ್ಚಿಯಲ್ಲಿ ಕೂತ. ಅರುಣಕುಮಾರ್ ಛತ್ರಿಯ ನೆರಳಿಗೆ ಬಂದು ನಿಂತ. ಬಿ.ಎ. ಆದಮೇಲೆ ಮುಂದೇನು ಎಂದು ವಿಚಾರಿಸಿದ. ಇದೇ ಕೆಲಸ ಕಲಿತರೆ ಬೇರೆ ಊರಿಗೂ ಕರೆಸುತ್ತೇನೆ ಎಂದ.

ಕೇರಿ ರಸ್ತೆಯಲ್ಲಿ ಏಳು ಹೆಂಗಸರು ಬಂದರು. ಕೆಂಪು ಇತ್ತು. ನಿಂತರು. ಮುಂದೆ ಶಿವಮ್ಮ, ಕೊನೆಗೆ ಎರ್ರೆಮ್ಮ. ಹಸಿರು ಬಂತು. ಹೊರಟರು. ನಡು ಸರ್ಕಲ್ಲಿಗೆ ಬಂದಾಗ ಶಿವಮ್ಮ ನಿಂತಳು. ಹಿಂದಿನವರೂ ನಿಂತರು. ಅವಳು ಎರಡೂ ಕೈಯಿಂದ ಹೊರೆಯನ್ನು ಮುಂದಕ್ಕೆ ನೂಕಿದಳು. ಹೊರೆ ನೆಲಕ್ಕೆ ಬಿತ್ತು. ಕೆಂಪು ಧೂಳು ಎದ್ದಿತು. ಒಂದಾದ ಮೇಲೆ ಒಂದು ಏಳೂ ಹೊರೆ ಬಿದ್ದವು.

ಹನ್ನೆರಡು ಸೆಕೆಂಡು ಮುಗಿಯಿತು. ಲಾರಿಗಳು ಹಾರ್ನ್ ಹೊಡೆದವು.

ವೀರಭದ್ರಯ್ಯ ಸೀಟಿ ಊದುತ್ತಾ ಓಡಿ ಬಂದ.

“ಏನಬೇ ಇದು? ರೋಡ್ ನಿಮ್ಮಪ್ಪಂದೇನು? ಎತ್ತು!”

“ಎತ್ತಸ್ರಿ ಐನೋರ” ಎಂದಳು ಶಿವಮ್ಮ.

“ಏನಂದಿ?”

“ಒಬ್ಬಾಕಿಗೆ ಎತ್ತಿಗೊಳ್ಳಾಕ ಬರಂಗಿಲ್ರಿ. ಒಂದೀಟು ಕೈ ಹಚ್ರಿ, ಹೊಕ್ಕೀವಿ.”

“ನಿಮ್ಮವ್ರು ಇಷ್ಟು ಮಂದಿ ಅದಾರಲ್ಲ, ಎತ್ತಿಸ್ಕ್ಯಾರಿ.”

“ಇಷ್ಟು ದಿನ ನಾವು ನಾವ ಎತ್ತಿಸಿಕೆಂಡೀವ್ರಿ. ಇವತ್ತು ನೀವು ಎತ್ತಸ್ರಿ.”

ವೀರಭದ್ರಯ್ಯ ಲಾಠಿ ಎತ್ತಿದ. ಹೊಡೆಯಲು ತಲೆಯ ಮೇಲೆ ಹೊರೆ ಇರಲಿಲ್ಲ. ಬರೀ ತಲೆ ಇತ್ತು, ಮೇಲೆ ಸಿಂಬಿ. ಅವನು ಒಂದು ಕ್ಷಣ ಹಾಗೇ ನಿಂತ. ಆಮೇಲೆ ನೆಲದಲ್ಲಿದ್ದ ಹೊರೆಗೆ ಹೊಡೆದ.

“ಅದಕ್ಕ ನೋವಾಗಂಗಿಲ್ಲ ಬಿಡ್ರಿ” ಎಂದಳು ಎರ್ರೆಮ್ಮ.

ಬಸ್ಸಿನಿಂದ ಜನ ಇಳಿದರು. ಲಾರಿಯ ಡ್ರೈವರ್ ಒಬ್ಬ ತೆಲುಗಿನಲ್ಲಿ ಬೈದ. ಕಂಡಕ್ಟರ್ ಒಬ್ಬ “ಯಾರರ ಎತ್ತಸ್ರಪಾ, ಟೈಮಾತು” ಎಂದು ಎಲ್ಲರಿಗೂ ಹೇಳಿದ. ತಾನು ಮೆಟ್ಟಿಲು ಬಿಟ್ಟು ಇಳಿಯಲಿಲ್ಲ. ಸಿಗ್ನಲ್ ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಹೊಸಪೇಟೆ ರಸ್ತೆಗೆ ಹಸಿರು ಬಂತು, ಯಾರೂ ಹೋಗಲಿಲ್ಲ. ಹರಪನಹಳ್ಳಿ ರಸ್ತೆಗೆ ಬಂತು, ಯಾರೂ ಹೋಗಲಿಲ್ಲ. ಕೊಟ್ಟೂರು ರಸ್ತೆಗೂ ಹಾಗೆಯೇ ಬಂದು ಹೋಯಿತು.

ಕೊಟ್ರಬಸಪ್ಪ ಹೆಗಲ ಮೇಲೆ ಟವೆಲು ಹಾಕಿಕೊಂಡು ಬಂದ. “ನನ್ನ ಒಲಿ ಆರಕತ್ತೈತಿ. ಏನು ನಾಟಕ ಇದು?”

“ನಿಮ್ಮ ಕಟಗಿನ ಸಾವ್ಕಾರ್ರ. ನೀವ ಎತ್ತಸ್ರಿ.”

ಕೊಟ್ರಬಸಪ್ಪ ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ನಗಲು ಪ್ರಯತ್ನಿಸಿದ. “ಇವ್ಳ ಬಾಯಿ ನೋಡ್ರಿ” ಎಂದು ಯಾರಿಗೋ ಹೇಳಿದ.

ಆಗ ಅರುಣಕುಮಾರ್ ಮುಂದೆ ಬಂದ. “ಏನ್ರಿ ಇಷ್ಟೇ ತಾನೆ? ನಾನು ಎತ್ತಿಸ್ತೀನಿ” ಎಂದು ತೋಳು ಮಡಚಿ ಬಗ್ಗಿದ. ಕೊಟ್ರಬಸಪ್ಪ ಅವನ ಪಕ್ಕಕ್ಕೆ ಹೋಗಿ ಕಿವಿಯಲ್ಲಿ ಏನೋ ಹೇಳಿದ. ಉದ್ದ ಮಾತೇನಲ್ಲ. ಅರುಣಕುಮಾರ್ ಸೆಟೆದು ನಿಂತ. ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆ ಕೈ ಇನ್ನೂ ಏನನ್ನೂ ಮುಟ್ಟಿರಲಿಲ್ಲ.

ಮಾರೇಶ್ ಕುರ್ಚಿಯಿಂದ ಎದ್ದ. ಹೊರೆ ಎತ್ತಿಸುವುದು ಅವನಿಗೆ ಗೊತ್ತು. ಮೊಣಕಾಲಿಗೆ ಆನಿಸಿ, ಒಂದು ಉಸಿರಿಗೆ ಎದೆಮಟ್ಟ, ಇನ್ನೊಂದು ಉಸಿರಿಗೆ ತಲೆಗೆ. ಹಾಳೆ ಸಿಕ್ಕಿಸಿದ ರಟ್ಟನ್ನು ಕುರ್ಚಿಯ ಮೇಲೆ ಇಟ್ಟು ನಾಲ್ಕು ಹೆಜ್ಜೆ ಬಂದ.

“ನೀ ಕುಂದ್ರು” ಎಂದಳು ಶಿವಮ್ಮ.

“ಅಕ್ಕ...”

“ನೀ ಎತ್ತಿಸಿದ್ರ ದಿನಾ ಆಗೋದ ಆತು. ಎಣಸಾಕ ಬಂದೀಯಿ, ಎಣಸು.”

ಎಲ್ಲರೂ ಈಗ ಅವನನ್ನು ನೋಡಿದರು. ಮಾರೇಶ್ ಹಿಂದಕ್ಕೆ ಹೋಗಿ ಕೂತ. ಹಾಳೆ ತೊಡೆಯ ಮೇಲೆ ಇಟ್ಟುಕೊಂಡ. ಎಣಿಸಲು ಏನೂ ಇರಲಿಲ್ಲ. ಗೆರೆ ದಾಟಿದ ಗಾಡಿಯನ್ನು ಮಾತ್ರ ಎಣಿಸಬೇಕು, ನಿಂತ ಗಾಡಿಗೆ ಗೀಟಿಲ್ಲ. ಲಾರಿಯ ಕಾಲಮ್ಮು ಖಾಲಿ, ಬಸ್ಸಿನದು ಖಾಲಿ, ಕಾರಿನದು ಖಾಲಿ. ಇನ್ನೊಬ್ಬ ಹುಡುಗನ ಹಾಳೆಯೂ ಹಾಗೇ ಇತ್ತು. ಅಷ್ಟು ಹೊತ್ತು ಹಗರಿಬೊಮ್ಮನಹಳ್ಳಿಯ ಸರ್ಕಲ್ಲಿನಲ್ಲಿ ಯಾರೂ ಲೆಕ್ಕಕ್ಕಿರಲಿಲ್ಲ.

ಹೊಸಪೇಟೆ ಕಡೆಯ ಲಾರಿಗಳಲ್ಲಿ ಹಲವು ತಾಳ್ಮೆಗೆಟ್ಟು ಎಡಕ್ಕೆ ತಿರುಗಿ ಕೇರಿ ರಸ್ತೆಗೆ ನುಗ್ಗಿದವು. ಒಂದು ಹೋಯಿತೆಂದು ಇನ್ನೊಂದು, ಅದರ ಹಿಂದೆ ಮತ್ತೊಂದು. ಆ ಕಡೆಗೆ ದಾರಿಯಿಲ್ಲ ಎಂದು ಅವರಿಗೆ ಯಾರೂ ಹೇಳಲಿಲ್ಲ. ಕೇರಿಯಲ್ಲಿ ಕೇಳಿದ್ದರೆ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ. ಒಲೆಯ ಮೇಲಿನ ಸಾರಿಗೆ ಧೂಳು ಬಿತ್ತು. ಲಾರಿಗಳು ಹಳ್ಳದ ದಂಡೆಗೆ ಹೋಗಿ ನಿಂತವು.

ಹಳ್ಳದಲ್ಲಿ ಜೆಸಿಬಿಯೊಂದು ಉಸುಕು ತೆಗೆಯುತ್ತಿತ್ತು. ವೀರಭದ್ರಯ್ಯ ಅದನ್ನು ಕರೆಸಿದ.

ಅದು ಕೇರಿ ರಸ್ತೆಯಲ್ಲಿ ಬಂತು. ಹಿಂದೆ, ದಂಡೆಯಲ್ಲಿ ತಿರುಗಿಸಿಕೊಂಡ ಲಾರಿಗಳೆಲ್ಲ ಸಾಲಾಗಿ ಬಂದವು. ನೋಡಲು ಮೆರವಣಿಗೆಯಂತಿತ್ತು. ಜೆಸಿಬಿ ನಡು ಸರ್ಕಲ್ಲಿಗೆ ಬಂದು ಬಕೆಟ್ ಇಳಿಸಿತು. ಹಲ್ಲುಗಳನ್ನು ಹೊರೆಯ ಕೆಳಗೆ ತೂರಿಸಿ ಎತ್ತಿತು. ಕಟ್ಟಿಗೆ ಮುರಿದ ಸದ್ದು ಕೇಳಿಸಿತು. ಒಬ್ಬ ಹೆಂಗಸಿನ ತಲೆಗೆ ಏರಬೇಕಾದ ಹೊರೆ ಸಿಗ್ನಲ್ ಕಂಬಕ್ಕಿಂತ ಮೇಲೆ ಹೋಗಿ, ಅರ್ಧ ಸುತ್ತಿ, ರಸ್ತೆ ಪಕ್ಕದ ಗಟಾರದ ಬಳಿ ಬಿತ್ತು. ಏಳು ಸಲ. ಯಾರೋ ಚಪ್ಪಾಳೆ ತಟ್ಟಿದರು. ಯಾರ ಕೈಯೂ ಏನನ್ನೂ ಮುಟ್ಟಲಿಲ್ಲ.

“ಕೇಳಿದ್ದು ಎತ್ತಸ್ರಿ ಅಂತ” ಎಂದಳು ಶಿವಮ್ಮ. “ಇಂಥಾ ದೊಡ್ಡ ಮಿಶನ್ ಬೇಕಾತು ನೋಡ್ರಿ ನಿಮಗ, ನಮ್ಮನ್ನ ಮುಟ್ಟದಂಗ ಇರಾಕ.”

ಜೀಪು ಬಂತು. ಏಳೂ ಮಂದಿಯನ್ನು ಕರೆದುಕೊಂಡು ಹೋಗಿ ಸಂಜೆಯವರೆಗೆ ಠಾಣೆಯ ಮುಂದೆ ಬಿಸಿಲಿನಲ್ಲಿ ಕೂರಿಸಿದರು. ಏನು ಬರೆದುಕೊಳ್ಳಬೇಕೆಂದು ಗೊತ್ತಾಗದೆ ಬಿಟ್ಟು ಕಳಿಸಿದರು.

ಸರ್ಕಲ್ಲಿನಲ್ಲಿ ದಾರಿ ಬಿಟ್ಟಿತು. ಮೊದಲು ಹೊರಬಂದದ್ದು ಕೇರಿ ರಸ್ತೆಯ ಲಾರಿಗಳು, ಜೆಸಿಬಿಯ ಹಿಂದೆಯೇ ನಿಂತಿದ್ದವು. ಮಾರೇಶ್ ಡಿ ಹಾಳೆಯಲ್ಲಿ ಗೀಟು ಹಾಕತೊಡಗಿದ. ಕೈ ತಾನಾಗಿಯೇ ಹಾಕುತ್ತಿತ್ತು. ಜೆಸಿಬಿಗೆ ಹಾಳೆಯಲ್ಲಿ ಕಾಲಮ್ಮಿರಲಿಲ್ಲ.

“ಲಾರಿಯಲ್ಲಿ ಹಾಕಿ” ಎಂದ ಅರುಣಕುಮಾರ್. ಅವನನ್ನು ಯಾರೂ ಕೇಳಿರಲಿಲ್ಲ.

*

ಸಂಜೆ ಲಾಡ್ಜಿನ ಕೋಣೆಯಲ್ಲಿ ಅರುಣಕುಮಾರ್ ಲೆಕ್ಕ ಹಾಕಿದ. ಒಮ್ಮೆ ಹಾಕಿ, ಮತ್ತೊಮ್ಮೆ ಹಾಕಿದ.

“ಮಾರೇಶ್, ಡಿ ರಸ್ತೆಗೆ ನಲವತ್ತು ಬರ್ತಾ ಇದೆಯಲ್ರಿ.”

ದಾರಿ ಬಿಟ್ಟ ಮೇಲಿನ ತಾಸೇ ಅವತ್ತಿನ ದೊಡ್ಡ ತಾಸಾಗಿತ್ತು.

“ಸರ್, ಅವು ದಾರಿ ತಪ್ಪಿ ಹೋಗಿ ವಾಪಸ್ ಬಂದ ಲಾರಿ.”

“ದಾರಿ ತಪ್ಪಿದ್ದು ಅಂತ ಕಾಲಮ್ ಇಲ್ಲ.” ಅರುಣಕುಮಾರ್ ಮುಖ ಎತ್ತಲಿಲ್ಲ. ಸರ್ಕಲ್ಲಿನಲ್ಲಿ ಕೈ ಒರೆಸಿಕೊಂಡಾಗಿನಿಂದ ಅವನು ಮಾರೇಶನ ಮುಖ ನೋಡಿ ಮಾತಾಡಿರಲಿಲ್ಲ. “ಬೇಡ ಅಂದ್ರೆ ತೆಗೀತೀನಿ. ಹನ್ನೆರಡೇ ಇರುತ್ತೆ. ನೀವೇ ಹೇಳಿ.”

ಕಿಟಕಿಯ ಹೊರಗೆ ಲಾರಿಗಳ ಸದ್ದು ಇತ್ತು. ಮಾರೇಶನಿಗೆ ಅಕ್ಕನ ಕುತ್ತಿಗೆ ನೆನಪಾಯಿತು.

“ಇರ್ಲಿ ಸರ್” ಎಂದ.

ಅರುಣಕುಮಾರ್ ಚಹಾ ತರಿಸಿದ. ಮಾರೇಶ್ ಕುಡಿಯಲಿಲ್ಲ. ಅರುಣಕುಮಾರ್ ಯಾಕೆಂದು ಕೇಳಲಿಲ್ಲ. ಬೇರೆ ಊರಿಗೆ ಕರೆಸುವ ಮಾತನ್ನೂ ಮತ್ತೆ ಎತ್ತಲಿಲ್ಲ.

ಮರುದಿನ ಸಿಗ್ನಲ್ಲಿನ ಪೆಟ್ಟಿಗೆ ತೆರೆದು ಹೊತ್ತು ಬದಲಾಯಿಸಿದರು. ಕೊಟ್ರಬಸಪ್ಪ ಶಿವಮ್ಮನ ಕಟ್ಟಿಗೆ ಬೇಡವೆಂದ. ಅವಳು ಬೇಕರಿಗೆ ಹಾಕತೊಡಗಿದಳು. ಬೇಕರಿ ಇನ್ನೂ ಆಚೆಗಿತ್ತು. ಆದರೆ ಈಗ ಕೇರಿಯ ಹೆಂಗಸರು ಕೆಂಪು ದೀಪದಲ್ಲಿ ನಿಂತು, ಹಸಿರು ಬಂದ ಮೇಲೆ ನಡೆದೇ ದಾಟುತ್ತಿದ್ದರು. ಎರ್ರೆಮ್ಮ ಸರ್ಕಲ್ಲಿನ ಆಚೆ ಬದಿ ಮುಟ್ಟಿದ ಮೇಲೂ ಹಸಿರು ಇರುತ್ತಿತ್ತು. ಮೊದಲ ದಿನ ಅವಳು ಹೊರೆ ಹೊತ್ತುಕೊಂಡೇ ಮೆಲ್ಲಗೆ ಪೂರಾ ತಿರುಗಿ ನಿಂತು, ದೀಪ ಆರುವವರೆಗೆ ನೋಡಿದಳು. ವೀರಭದ್ರಯ್ಯ ಸೀಟಿ ಬಾಯಲ್ಲಿಟ್ಟುಕೊಂಡು ಬೇರೆ ಕಡೆ ನೋಡುತ್ತಿದ್ದ.

ಅವತ್ತು ಶಿವಮ್ಮ ಮನೆಗೆ ಬಂದು, ಸಿಂಬಿಯನ್ನು ಗೂಟಕ್ಕೆ ಹಾಕಿ, ತಮ್ಮನ ಎದುರು ಕೂತಳು. ಕುತ್ತಿಗೆ ಇನ್ನೂ ಎಡಕ್ಕೆ ತಿರುಗುತ್ತಿರಲಿಲ್ಲ. ಮುಖ ಮಾತ್ರ ಹುಡುಗಿಯ ಮುಖದಂತಿತ್ತು.

“ನೋಡಿದ್ಯೇನಲೇ? ಕಾಯಿಸಿದ ಮ್ಯಾಲ ಲೆಕ್ಕಕ್ಕ ತಗಂಡ್ರು. ನಮ್ಮನ್ನೂ ಎಣಿಸ್ಯಾರ.”

“ಹ್ಞೂಂ.”

“ನಮಗ ಎಷ್ಟು ಹಾಕ್ಯಾರ? ಎತ್ತಿನ ಗಾಡಿಗಿಂತ ಹೆಚ್ಚೋ, ಕಡಿಮಿಯೋ?”

“ಹೆಚ್ಚು” ಎಂದ ಮಾರೇಶ್.

ಅವಳು ಎದ್ದು ಹೋಗಿ ಎರ್ರೆಮ್ಮನ ಮನೆಯ ಮುಂದೆ ನಿಂತು ಕೂಗಿ ಹೇಳಿದಳು. ಆಚೆ ಮನೆಯವರಿಗೂ ಹೇಳಿದಳು. ಕೇರಿಯಲ್ಲಿ ಆ ಮಾತು ಬಹಳ ವರ್ಷ ಉಳಿಯಿತು.

ಆ ನಲವತ್ತು ಸೆಕೆಂಡು ಸಿಕ್ಕಿದ್ದು ಹಳ್ಳದಿಂದ ವಾಪಸು ಬಂದ ಲಾರಿಗಳಿಗೆ, ಹಾಳೆಯಲ್ಲಿ ಅವಳಿಗೆ ಆಗಲೂ ಏನೂ ಇರಲಿಲ್ಲ ಎಂದು ಮಾರೇಶ್ ಅಕ್ಕನಿಗೆ ಯಾವತ್ತೂ ಹೇಳಲಿಲ್ಲ.